‘ಯಾರ್ದು ಫೋನು?’
ಪರಶುರಾಂಪುರದ ಕಡೆ ಶೇಂಗಾ ಸುಗ್ಗಿಯಲ್ಲಿ ಗಂಡ ಹೆಂಡಿರು ಅಂಗಳದಲ್ಲಿ ಎದುರುಬದುರು ಕೂತು ಕಾಯಿ ಬಿಡಿಸುತ್ತಾರೆ. ಕೆಲವು ಜೋಡಿಗಳಲ್ಲಿ ಕೈ ಮಾತ್ರ ಆಡುತ್ತದೆ, ಮಾತಿಲ್ಲ. ಅಂಥ ಒಂದು ಜೋಡಿಯಲ್ಲಿ ‘ಯಾರ್ದು ಫೋನು?’ ಎಂದು ಗಂಡ ಕೇಳಿದ ಧಾಟಿಗೆ ಹೆಂಡತಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಅವಳ ಉತ್ತರ ನಂಬದ ಅವನಿಗೆ ಎದೆಯುರಿ. ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೆ ಸಂಶಯ ಕರಗುವುದೇ? ಅಪನಂಬಿಕೆ ಬಲಿತರೆ ಹಗೆ. ಹಗೆ ಮೈಗೂ ಇಳಿಯುತ್ತದೆ. ಅಮೆರಿಕದ ಓಹಿಯೊದಲ್ಲಿ ಸಂಶೋಧಕಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 42 ದಂಪತಿಗಳ ತೋಳಿನ ಮೇಲೆ ಸಣ್ಣ ಬೊಬ್ಬೆ ಎಬ್ಬಿಸಿ ನೋಡಿದರು. ಹಗೆಯಿಂದ ಮಾತಾಡುವ ಜೋಡಿಗಳ ಗಾಯ ಮಾಯ್ದ ವೇಗ ಸಮಾಧಾನದ ಜೋಡಿಗಳ ಶೇ 60ರಷ್ಟೇ ಎಂದು 2005ರಲ್ಲಿ ಪ್ರಕಟಿಸಿದರು. ಹೊಟ್ಟೆಕಿಚ್ಚು ಮೂಳೆಯನ್ನೇ ತಿನ್ನುತ್ತದೆಂಬ ತಿಳಿವು ಬೈಬಲಿನ ಜ್ಞಾನೋಕ್ತಿಗಳ 14ನೇ ಅಧ್ಯಾಯದಲ್ಲಿ ಅದಕ್ಕೂ ಬಹಳ ಮೊದಲೇ ಇದೆ. ಹೊತ್ತು ಮುಳುಗುವ ಮುನ್ನ ಸಿಟ್ಟು ಇಳಿಸಿಕೊಳ್ಳಿ ಎಂಬುದು ಎಫೆಸದ ಸಭೆಗೆ ಬರೆದ ಪತ್ರದ ಬುದ್ಧಿಮಾತು. ಸಿಟ್ಟು ಇಳಿಸುವ ಕ್ಷಮೆಯೆಂದರೆ ಏಟು, ಮೋಸಗಳನ್ನು ಸಹಿಸಿಕೊಂಡು ಬಿದ್ದಿರುವುದಲ್ಲ. ಕೂತು ಸತ್ಯ ಮಾತಾಡುವುದು. ಎದೆನೋವಿಗೆ ವೈದ್ಯರನ್ನು ಕಾಣಿ. ಆದರೆ ಇವತ್ತು ದೀಪ ಆರಿಸುವ ಮೊದಲು, ಪ್ರಾರ್ಥನೆಗೆ ಕೈ ಮುಗಿಯುವ ಮೊದಲು, ಪಕ್ಕದಲ್ಲಿರುವವರ ಮಾತನ್ನು ಒಮ್ಮೆ ಪೂರ್ತಿ ಕೇಳಿಸಿಕೊಳ್ಳಿ.