ಆ ಯಂತ್ರಕ್ಕೆ ಭಾವಮೈದ ಇಲ್ಲ!

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರ ಮಗ ಕಳೆದ ವಾರ ಕೊರಿಯಾದಿಂದ ರಜೆ ಮೇಲೆ ಬಂದಿದ್ದ. ದಕ್ಷಿಣ ಕೊರಿಯಾದಲ್ಲಿ, ಸಿಯೋಲ್‌ಗೆ ದಕ್ಷಿಣಕ್ಕಿರುವ ಸುವೋನ್ ನಗರದಲ್ಲಿ ಇಂಜಿನಿಯರು. ಆರು ವರ್ಷದಿಂದ ಹೆಂಡತಿ ಮಗುವಿನ ಜೊತೆ ಅಲ್ಲೇ ಸಂಸಾರ. ಭಾನುವಾರ ಮೇಷ್ಟ್ರ ಹಳೇ ಕಾರಿನಲ್ಲಿ ನಮ್ಮನ್ನೂ ಕೂರಿಸಿಕೊಂಡು ಸಂತೆಗೆ ಹೊರಟ. ಸರ್ಕಾರಿ ಶಾಲೆಯ ಎದುರು ಒಂದು ಹೆಣ್ಣುಮಗು ರಸ್ತೆ ದಾಟಲು ನಿಂತಿತ್ತು. ಇವನು ಕಾರು ನಿಲ್ಲಿಸಿಯೇಬಿಟ್ಟ.

ಹಿಂದಿನಿಂದ ಒಂದು ಟೆಂಪೋ, ಎರಡು ಆಟೋ, ಒಂದು ಬಸ್ಸು ಸೇರಿ ಹಾರನ್ ಬಾರಿಸಿದ ಪರಿ ನೋಡಬೇಕಿತ್ತು. ಆಟೋದವನೊಬ್ಬ ಪಕ್ಕಕ್ಕೆ ಬಂದು, "ಏನ್ ಸಾರ್, ಗಾಡಿ ಕೆಟ್ಟೋಯ್ತಾ?" ಅಂದ. ಇವನು, "ಇಲ್ಲಣ್ಣ, ಮಗು ದಾಟ್ತಾ ಇದೆ" ಅಂದ. ಆಟೋದವನು ನಕ್ಕು ಮುಂದೆ ಹೋದ. ಮಗುವಂತೂ ದಾಟಲೇ ಇಲ್ಲ. ಕಾರು ನಿಂತಿರೋದು ತನಗಾಗಿ ಎಂದು ಅದಕ್ಕೆ ಹೊಳೆಯಲೇ ಇಲ್ಲ, ಪಾಪ!

ಈ ಹುಡುಗ ಮೊದಲಿನಿಂದ ಹೀಗಿದ್ದವನಲ್ಲ ಸ್ವಾಮಿ. ಕಾಲೇಜಿನ ದಿನಗಳಲ್ಲಿ ಒಂದೇ ಬೈಕಿನಲ್ಲಿ ಮೂವರನ್ನು ಹೇರಿಕೊಂಡು ತೇರಿನ ಬೀದಿಯಲ್ಲಿ ಹಾರುತ್ತಿದ್ದವನು. ಇವನ ದೆಸೆಯಿಂದ ನಾವೇ ಒಮ್ಮೆ ಚರಂಡಿಗೆ ಇಳಿದಿದ್ದೇವೆ. ಕಾರಿನ ಲೈಸೆನ್ಸು ಪಡೆದದ್ದು ಹೇಗೆ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿದ: "ಬ್ರೋಕರ್ ಕೈಗೆ ಫೋಟೋ ಕೊಟ್ಟೆ, ರುಜು ಹಾಕಿದೆ, ದುಡ್ಡು ಕೊಟ್ಟೆ ಸಾರ್. ಕಾರಿನೊಳಗೆ ಕೂತಿದ್ದು ಫೋಟೋಕ್ಕೆ ಮಾತ್ರ." ಅದು ಯಾವ ಊರಿನ ಕಚೇರಿ ಎಂದು ನಾವು ಬರೆಯುವುದಿಲ್ಲ. ವಾಚಕರಿಗೆ ತಮ್ಮ ತಮ್ಮ ಊರು ನೆನಪಾದರೆ ಅದು ನಮ್ಮ ತಪ್ಪಲ್ಲ.

ಹಾಗಿದ್ದವನು ಹೀಗೆ ಆದದ್ದು ಹೇಗೆ? ಸಂತೆಯಿಂದ ಬಂದ ಮೇಲೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಅವನು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಜಿಲ್ಲೆಯ ಎಷ್ಟೋ ಮನೆಯ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಅವರಿಗೂ ಬೇಕಾದ ಮಾತು, ಇಲ್ಲೇ ಉಳಿದ ನಮಗೂ ಬೇಕಾದ ಮಾತು.

ಒಂದು ವರ್ಷದ ಪುಸ್ತಕ

ಹೋಗುವ ಮುಂಚೆ ಇಲ್ಲಿಂದಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದ. ನಮ್ಮ ಆರ್‌ಟಿಓ ಕಚೇರಿ ಕೊಡುವ ಪುಟ್ಟ ಪುಸ್ತಕ. ಕೊರಿಯಾದವರು ಅದನ್ನು ಒಪ್ಪುತ್ತಾರೆ, ಆದರೆ ಆ ನೆಲಕ್ಕೆ ಕಾಲಿಟ್ಟ ದಿನದಿಂದ ಒಂದು ವರ್ಷದ ಮಟ್ಟಿಗೆ. ಅದು ಬಂದು ಹೋಗುವವರಿಗೆ ಮಾಡಿದ ಏರ್ಪಾಡು, ನೆಲೆಸುವವರಿಗೆ ಅಲ್ಲ. ವರ್ಷ ದಾಟಿದ ಮೇಲೂ ಅದನ್ನೇ ಜೇಬಿನಲ್ಲಿಟ್ಟುಕೊಂಡು ಓಡಿಸಿದರೆ ಲೈಸೆನ್ಸಿಲ್ಲದೆ ಓಡಿಸಿದ ಹಾಗೆಯೇ ಲೆಕ್ಕ. ಅಪಘಾತವಾದರೆ ವಿಮೆಯ ವಿಷಯದಲ್ಲೂ ತಕರಾರು, ಕೇಸೂ ಬೀಳುತ್ತದೆ. ಪರದೇಶಿಗೆ ಇನ್ನೊಂದು ಭಯ ಬೇರೆ. ಕ್ರಿಮಿನಲ್ ಕೇಸು ಬಿದ್ದರೆ ವೀಸಾ ಮುಂದುವರಿಸುವಾಗ ವಲಸೆ ಕಚೇರಿಯವರು ಅದನ್ನೂ ನೋಡುತ್ತಾರೆ.

ಪುಸ್ತಕವಿದೆ ಎಂಬ ಧೈರ್ಯದಲ್ಲಿ ಹೋದ ಹೊಸದರಲ್ಲೇ ಬಾಡಿಗೆ ಕಾರು ತೆಗೆದ. ಅಲ್ಲಿ ಬಲಗಡೆ ಸಂಚಾರ, ಸ್ಟೇರಿಂಗು ಎಡಕ್ಕೆ. ದೊಡ್ಡ ರಸ್ತೆಯಲ್ಲಿ ಮುಂದಿನ ಕಾರಿನ ಹಿಂದೆ ಹೋಗುವಾಗ ಏನೂ ತೊಂದರೆಯಾಗಲಿಲ್ಲವಂತೆ. ಮೋಸವಾಗಿದ್ದು ಖಾಲಿ ರಸ್ತೆಯಲ್ಲಿ. ಒಂದು ಬೆಳಗಿನ ಜಾವ ಅಡ್ಡರಸ್ತೆಯಿಂದ ಎಡಕ್ಕೆ ತಿರುಗಿಸಿ, ಅಭ್ಯಾಸಬಲದಿಂದ ಎಡಬದಿಗೇ ಹೋದ. ಎದುರಿಗೆ ಲಾರಿ! ಲಾರಿಯವನು ಬ್ರೇಕ್ ಒತ್ತಿ ನಿಲ್ಲಿಸಿದ್ದರಿಂದ ಬಚಾವ್. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಗು. "ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಸಾರ್. ನನ್ನ ಹತ್ರ ಲೈಸೆನ್ಸ್ ಇದೆ, ಡ್ರೈವಿಂಗ್ ಇಲ್ಲ ಅಂತ ಗೊತ್ತಾಯ್ತು" ಅಂದ. ಈ ಒಂದು ಮಾತಿಗಾಗಿಯೇ ಈ ಅಂಕಣ ಬರೆಯಬೇಕೆನ್ನಿಸಿತು.

ಪರದೇಶದ ಲೈಸೆನ್ಸನ್ನು ಕೊರಿಯಾದ ಲೈಸೆನ್ಸಿಗೆ ಬದಲಾಯಿಸಿಕೊಳ್ಳುವ ದಾರಿಯೂ ಇದೆ. ಊರಿನ ಲೈಸೆನ್ಸು ಅಸಲಿ ಎಂಬುದಕ್ಕೆ ಅಪಾಸ್ಟಿಲ್ ಮುದ್ರೆ ಅಥವಾ ರಾಯಭಾರ ಕಚೇರಿಯ ದೃಢೀಕರಣ ಬೇಕು. ಕೆಲವು ದೇಶದವರಿಗೆ ಕಣ್ಣಿನ ಪರೀಕ್ಷೆ ಸಾಕು, ಉಳಿದವರು ಲಿಖಿತ ಪರೀಕ್ಷೆಯನ್ನೂ ಬರೆಯಬೇಕು. ಅಸಲಿ ಎಂಬ ಮುದ್ರೆ ಇವನಿಗೂ ಸಿಗುತ್ತಿತ್ತು, ಯಾಕೆಂದರೆ ಕಾಗದ ಅಸಲಿಯೇ. ನಕಲಿಯಾಗಿದ್ದು ಕಾಗದವಲ್ಲ, ವಿದ್ಯೆ! ಅದಕ್ಕೇ ಇವನು ಆ ದಾರಿ ಬಿಟ್ಟು, ಅಲ್ಲಿನ ಹದಿನೆಂಟರ ಹುಡುಗರ ಜೊತೆ ಸಾಲಿನಲ್ಲಿ ನಿಂತು ಮೊದಲಿನಿಂದ ಪರೀಕ್ಷೆಗೆ ಕೂತ.

ಮಾತಾಡುವ ಕಾರು

ಮೊದಲು ಸುರಕ್ಷತೆಯ ಪಾಠ, ದೇಹ ತಪಾಸಣೆ. ಆಮೇಲೆ ಕಂಪ್ಯೂಟರಿನ ಮುಂದೆ 40 ಪ್ರಶ್ನೆ. ಇಂಗ್ಲಿಷಿನಲ್ಲೂ ಬರೆಯಬಹುದು. ಅದಾದ ಮೇಲೆ ಮೈದಾನದ ಪರೀಕ್ಷೆ. ನೂರಕ್ಕೆ 80 ಬಂದರೆ ಪಾಸು. ಇಲ್ಲೇ ಇರುವುದು ಸ್ವಾರಸ್ಯ. ಅಂಕ ಹಾಕುವವನು ಮನುಷ್ಯನಲ್ಲ, ಯಂತ್ರ. ಚಕ್ರ ಗೆರೆ ಮುಟ್ಟಿತೋ, ಇಂಡಿಕೇಟರ್ ಮರೆತೆಯೋ, ಕಾರಿನಲ್ಲಿ ಕೂರಿಸಿದ ಧ್ವನಿ ಅಲ್ಲೇ ಸಾರಿ ಹೇಳಿ ಅಂಕ ಕಳೆಯುತ್ತದೆ. ಸೀಟ್ ಬೆಲ್ಟ್ ಹಾಕದೆ ಹೊರಟರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಇಳಿದು ನಡಿ!

2011ರಲ್ಲಿ ಅಲ್ಲಿನ ಸರ್ಕಾರವೂ ಜನರಿಗೆ ಅನುಕೂಲವಾಗಲೆಂದು ಈ ಪರೀಕ್ಷೆಯನ್ನು ಬಹಳ ಸಸಾರ ಮಾಡಿತ್ತು. ಐವತ್ತು ಮೀಟರು ಓಡಿಸಿದರೆ ಮುಗಿಯುತ್ತಿತ್ತು. ಅದು ತಪ್ಪೆಂದು ಕಂಡು 2016ರ ಡಿಸೆಂಬರಿನಲ್ಲಿ ಮತ್ತೆ ಬಿಗಿ ಮಾಡಿದರು. ಏರಿನಲ್ಲಿ ನಿಲ್ಲಿಸಿ ಹೊರಡುವುದು, ಇಕ್ಕಟ್ಟಿನ ಜಾಗಕ್ಕೆ ರಿವರ್ಸ್ ಹೊಡೆಯುವುದು, ಸಿಗ್ನಲ್ಲು ಎಲ್ಲವೂ ಬಂತು. ನಮ್ಮ ಹುಡುಗ ಮೊದಲ ಸಲ ರಿವರ್ಸಿನಲ್ಲಿ ಢುಮ್ಕಿ. ಫೇಲಾದರೆ ಮೂರು ದಿನ ಕಾಯಬೇಕು. ಎರಡನೇ ಸಲವೂ ಢುಮ್ಕಿ. ಮೂರನೇ ಸಲ ಪಾಸು. ಕೊನೆಗೆ ರಸ್ತೆ ಪರೀಕ್ಷೆ. ಯಾವ ದಾರಿಯಲ್ಲಿ ಹೋಗಬೇಕೆಂದು ಹೊರಡುವ ಹೊತ್ತಿಗೆ ಟ್ಯಾಬ್ಲೆಟ್ ಹೇಳುತ್ತದೆ. ಮುಂಚೆಯೇ ಒಂದೇ ದಾರಿ ಉರು ಹೊಡೆದುಕೊಂಡು ಹೋಗಿ ಗೆಲ್ಲುವಂತಿಲ್ಲ.

"ಅಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ ಸಾರ್. ಗೊತ್ತಿದ್ದರೂ ಪ್ರಯೋಜನ ಇರಲಿಲ್ಲ" ಅಂದ. ನಿಜವೇ. ಯಂತ್ರಕ್ಕೆ ಶಾಸಕರ ಚೀಟಿ ಓದಲು ಬರುವುದಿಲ್ಲ. ಅದಕ್ಕೆ ಭಾವಮೈದನಿಲ್ಲ, ಷಡ್ಡಕನಿಲ್ಲ.

ಒಂದು ಮಗುವಿನ ಹೆಸರಿನ ಕಾನೂನು

ಲೈಸೆನ್ಸು ಬಂದ ಮೇಲೂ ಪಾಠ ಮುಗಿಯಲಿಲ್ಲ. ಎಡಕ್ಕೆ ತಿರುಗಬೇಕಾದರೆ ಬಾಣದ ಸಿಗ್ನಲ್ಲಿಗೆ ಕಾಯಬೇಕು. 'ಬಿಬೊಹೊ' ಎಂಬ ಫಲಕವಿದ್ದ ಕಡೆ ಮಾತ್ರ, ಹಸಿರು ದೀಪದಲ್ಲಿ ಎದುರಿನಿಂದ ಬರುವವರನ್ನು ನೋಡಿಕೊಂಡು, ನಿನ್ನ ಜವಾಬ್ದಾರಿಯ ಮೇಲೆ ತಿರುಗಬಹುದು. ನಮ್ಮಲ್ಲಿ ಎಡಕ್ಕೆ ನುಗ್ಗುವ ಹಾಗೆ ಅಲ್ಲಿ ಬಲಕ್ಕೆ ನುಗ್ಗುವ ಚಾಳಿ ಇತ್ತು. 2023ರ ಜನವರಿಯಿಂದ ಕೆಂಪು ದೀಪವಿದ್ದರೆ ಬಲಕ್ಕೆ ತಿರುಗುವವನೂ ಮೊದಲು ಪೂರ್ತಿ ನಿಲ್ಲಬೇಕು. ಊರೊಳಗಿನ ರಸ್ತೆಗಳಲ್ಲಿ ವೇಗ ಸಾಮಾನ್ಯವಾಗಿ 50, ಗಲ್ಲಿಗಳಲ್ಲಿ 30 ಎಂದು 2021ರ ಏಪ್ರಿಲ್‌ನಿಂದ ಗೊತ್ತುಪಡಿಸಿದ್ದಾರೆ.

ಎಲ್ಲಕ್ಕಿಂತ ಬಿಗಿ ಇರುವುದು ಶಾಲೆಯ ಸುತ್ತ. 2019ರ ಸೆಪ್ಟೆಂಬರಿನಲ್ಲಿ ಆಸಾನ್ ಎಂಬ ಊರಿನಲ್ಲಿ, ಶಾಲಾ ವಲಯದ ಜೀಬ್ರಾ ಪಟ್ಟೆಯ ಮೇಲೆ, ಮಿನ್‌ಶಿಕ್ ಎಂಬ ಒಂಬತ್ತು ವರ್ಷದ ಹುಡುಗ ಕಾರಿಗೆ ಸಿಕ್ಕಿ ಸತ್ತ. ಅಲ್ಲಿ ಸಿಗ್ನಲ್ ಇರಲಿಲ್ಲ. ಅವನ ಅಪ್ಪ ಅಮ್ಮ ಸುಮ್ಮನೆ ಕೂರಲಿಲ್ಲ, ದೇಶದ ಮುಂದೆ ನಿಂತು ಅತ್ತರು, ಕೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಶಾಸನ ಸಭೆ ಕಾನೂನು ಮಾಡಿತು. 2020ರ ಮಾರ್ಚ್ 25ರಿಂದ ಜಾರಿ. ಶಾಲಾ ವಲಯಕ್ಕೆ ಕ್ಯಾಮೆರಾ ಕಡ್ಡಾಯ. ಅಲ್ಲಿ ಚಾಲಕನ ತಪ್ಪಿನಿಂದ ಮಗು ಸತ್ತರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಜನ ಅದನ್ನು ಇವತ್ತಿಗೂ ಮಿನ್‌ಶಿಕ್ ಕಾನೂನು ಎಂದೇ ಕರೆಯುತ್ತಾರೆ. ಶಿಕ್ಷೆ ಅತಿಯಾಯಿತು ಎಂದು ಅಲ್ಲೂ ಬಹಳ ಜನ ಗೊಣಗಿದರು, ಅದರಲ್ಲಿ ಸ್ವಲ್ಪ ನ್ಯಾಯವೂ ಇದೆ. ಆದರೂ 2022ರಲ್ಲಿ ಇನ್ನೊಂದು ನಿಯಮ ಸೇರಿಸಿದರು. ಶಾಲಾ ವಲಯದಲ್ಲಿ ಸಿಗ್ನಲ್ ಇಲ್ಲದ ಪಟ್ಟೆ ಸಿಕ್ಕರೆ, ಯಾರೂ ದಾಟದಿದ್ದರೂ ಸರಿ, ಗಾಡಿ ಒಮ್ಮೆ ನಿಲ್ಲಲೇಬೇಕು.

ಭಾನುವಾರ ನಮ್ಮೂರ ಶಾಲೆಯೆದುರು ಆ ಕಾರು ಯಾಕೆ ನಿಂತಿತು ಎಂಬುದು ಈಗ ಗೊತ್ತಾಯಿತಲ್ಲ?

ಕುಡಿತದ ವಿಷಯ ಕೇಳಿದರೆ ಆಶ್ಚರ್ಯ. ಅಲ್ಲಿ ರಕ್ತದಲ್ಲಿ ಮದ್ಯಸಾರದ ಮಿತಿ 0.03. 2019ರ ಜೂನ್‌ನಲ್ಲಿ 0.05ರಿಂದ ಇಳಿಸಿದ್ದು. ನಮ್ಮ ಕಾನೂನಿನ ಮಿತಿಯೂ ಅಷ್ಟೇ! ಕಾಗದದ ಮೇಲೆ ನಾವೂ ಅವರೂ ಸರಿಸಮ. ಆದರೆ ಅಲ್ಲಿ ಕುಡಿದವನಿಗೆ ಉತ್ತೇಜನ ಕೊಟ್ಟು ಪಕ್ಕದಲ್ಲಿ ಕೂತವನ ಮೇಲೂ ಕೇಸು ಹಾಕಬಹುದು. ಅದಕ್ಕೇ 'ದೇರಿ' ಎಂಬ ಒಂದು ಕಸುಬೇ ಬೆಳೆದಿದೆ. ಫೋನ್ ಮಾಡಿದರೆ ಒಬ್ಬ ಚಾಲಕ ಬಂದು, ನಿಮ್ಮ ಕಾರಿನಲ್ಲೇ ನಿಮ್ಮನ್ನು ಮನೆಗೆ ಮುಟ್ಟಿಸಿ, ಬಾಡಿಗೆ ತೆಗೆದುಕೊಂಡು ಹೋಗುತ್ತಾನೆ. ಕುಡಿಯಬೇಡ ಎಂದು ಬುದ್ಧಿ ಹೇಳುವುದಕ್ಕಿಂತ ಇದು ವಾಸಿಯಲ್ಲವೇ?

ಅವರೇನು ದೇವತೆಗಳಲ್ಲ

ಇಷ್ಟು ಓದಿ, ಕೊರಿಯಾದವರು ಹುಟ್ಟಿನಿಂದಲೇ ಶಿಸ್ತಿನವರು, ನಮ್ಮ ರಕ್ತದಲ್ಲೇ ಅದಿಲ್ಲ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ಅದು ಶುದ್ಧ ತಪ್ಪು. ಕ್ಯಾಮೆರಾ ಬಂದಾಗ ಬ್ರೇಕ್ ಒತ್ತಿ, ದಾಟಿದ ತಕ್ಷಣ ಹಾರುವವರು ಅಲ್ಲೂ ಬೇಕಾದಷ್ಟು. ಅದಕ್ಕೇ ಹೆದ್ದಾರಿಯಲ್ಲಿ ಎರಡು ಕ್ಯಾಮೆರಾ ನೆಟ್ಟು, ನಡುವಿನ ದೂರ ಎಷ್ಟು ಹೊತ್ತಿನಲ್ಲಿ ಕ್ರಮಿಸಿದೆ ಎಂದು ಸರಾಸರಿ ಲೆಕ್ಕ ಹಾಕಿ ದಂಡ ಹಾಕುತ್ತಾರೆ. ಊಟ ತಲುಪಿಸುವ ಮೋಟರ್‌ಸೈಕಲ್ಲಿನವರು ಕೆಂಪು ದೀಪದಲ್ಲೂ ನುಗ್ಗುತ್ತಾರೆ, ಫುಟ್‌ಪಾತನ್ನೂ ಬಿಡುವುದಿಲ್ಲ. ಕಾರಣ? ಅಲ್ಲಿ ಬೈಕಿಗೆ ನಂಬರ್ ಪ್ಲೇಟು ಹಿಂದೆ ಮಾತ್ರ, ಹಳೇ ಕ್ಯಾಮೆರಾ ನೋಡುವುದು ಮುಂದಿನಿಂದ! ಈಗ ಹಿಂದಿನಿಂದ ಹಿಡಿಯುವ ಕ್ಯಾಮೆರಾಗಳು ಬರುತ್ತಿವೆ. ಯಾರೂ ನೋಡದ ಕಡೆ ಮನುಷ್ಯ ಎಲ್ಲ ದೇಶದಲ್ಲೂ ಒಂದೇ ಸ್ವಾಮಿ.

ಪರದೇಶಿಗೆ ಸಿಟ್ಟು ಬರಿಸುವ ಸಂಗತಿಗಳೂ ಇವೆ. ಡಿಕ್ಕಿಯಾದರೆ ಪೂರ್ತಿ ತಪ್ಪು ಒಬ್ಬನದೇ ಎಂದು ವಿಮೆಯವರು ಒಪ್ಪುವುದು ಅಪರೂಪ. 80ಕ್ಕೆ 20, 70ಕ್ಕೆ 30 ಎಂದು ಪಾಲು ಹಾಕುತ್ತಾರೆ. ನಮ್ಮ ಹುಡುಗ ಸರಿಯಾಗೇ ಹೋಗುತ್ತಿದ್ದರೂ 20 ಪಾಲು ತಪ್ಪು ಹೊರಬೇಕಾಯಿತು. ವಾದ ಮಾಡೋಣವೆಂದರೆ ಭಾಷೆ ಬಾರದು. ಬಹುತೇಕ ಎಲ್ಲ ಕಾರಿನಲ್ಲೂ ಪುಟ್ಟ ಕ್ಯಾಮೆರಾ ಇಟ್ಟಿರುವುದು ಇದಕ್ಕೇ. ಆ ಚಿತ್ರವನ್ನು ಪೊಲೀಸರಿಗೆ ಕಳಿಸಿ ಬೇರೆಯವರ ತಪ್ಪನ್ನು ವರದಿ ಮಾಡುವ ಆ್ಯಪ್ ಕೂಡ ಇದೆ. ನೆರೆಯವನೇ ಚಾಡಿಕೋರನಾದರೆ ಹೇಗೆ ಎಂದು ನಮಗೆ ಅನ್ನಿಸಿತು, ಹೇಳಿದೆವು. ಅವನು ನಕ್ಕ.

ಆದರೆ ಮರ್ಯಾದೆಯೂ ಇದೆ. ದಾರಿ ಬಿಟ್ಟವನಿಗೆ ಮುಂದಿನ ಕಾರಿನವನು ನಾಲ್ಕೂ ಇಂಡಿಕೇಟರ್ ಮಿನುಗಿಸಿ ಧನ್ಯವಾದ ಹೇಳುತ್ತಾನೆ. ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲದೆ ಇನ್ನೊಬ್ಬರ ಕಾರಿಗೆ ಅಡ್ಡ ನಿಲ್ಲಿಸಿದರೆ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಗಾಜಿನ ಮುಂದೆ ಫೋನ್ ನಂಬರ್ ಇಟ್ಟು ಹೋಗುತ್ತಾರೆ. ಬೇಕಾದವನು ಬಂದು ಕಾರನ್ನು ಕೈಯಲ್ಲಿ ತಳ್ಳಿ ತನ್ನ ಗಾಡಿ ತೆಗೆದುಕೊಳ್ಳುತ್ತಾನೆ. ನಮ್ಮ ಮಾರ್ಕೆಟ್ ರಸ್ತೆಯಲ್ಲಿ ಹೀಗೆ ಯಾರ ಕಾರನ್ನಾದರೂ ತಳ್ಳಿ ನೋಡಿ, ಆಮೇಲೆ ಆಸ್ಪತ್ರೆಗೆ ನಾವೇ ಬಂದು ನೋಡುತ್ತೇವೆ.

ಈಗ ಒಂದು ಲೆಕ್ಕ. 1991ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು 13,429. 2023ರಲ್ಲಿ 2,551. ಈ ಅವಧಿಯಲ್ಲಿ ಕಾರುಗಳು ಕಡಿಮೆಯಾಗಲಿಲ್ಲ, ಹಲವು ಪಟ್ಟು ಹೆಚ್ಚಾದವು. ಜನ ಬದಲಾಗಲಿಲ್ಲ, ಜಾರಿ ಬದಲಾಯಿತು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ 1,68,491 ಜನ ರಸ್ತೆಯಲ್ಲಿ ಸತ್ತರು. ನಾವೇನು ಮಾಡಿದೆವು? 2019ರಲ್ಲಿ ಕೇಂದ್ರ ದಂಡ ಏರಿಸಿತು. ಅದೇ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತು. 2023ರಲ್ಲಿ, ಮತ್ತೆ 2025ರಲ್ಲಿ, ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ! ಆಷಾಢದ ಸೀರೆ ಸೇಲಿನ ಹಾಗೆ. ಕೊರಿಯಾದಲ್ಲೂ ಸರ್ಕಾರದ ಕ್ಷಮಾದಾನದಲ್ಲಿ ಚಾಲಕರ ತಪ್ಪು ಅಂಕ ಅಳಿಸಿದ್ದುಂಟು, ಇಲ್ಲವೆನ್ನುವುದಿಲ್ಲ. ಆದರೆ ಪರೀಕ್ಷೆಯ ಮೈದಾನದಲ್ಲಿ ಅವರು ರಿಯಾಯಿತಿ ಕೊಡುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸರ್ಕಾರಿ ಶಾಲೆಯೆದುರಿನ ಜೀಬ್ರಾ ಪಟ್ಟೆ ಅಳಿಸಿಹೋಗಿದೆ. ನಾಲ್ಕು ಡಬ್ಬ ಬಣ್ಣದ ಕೆಲಸ, ಪುರಸಭೆಯವರು ಮಾಡಿಸಲಿ. ಶಾಲೆ ಬಿಡುವ ಹೊತ್ತಿಗೆ ಅಲ್ಲೊಬ್ಬ ಪೇದೆ ನಿಲ್ಲಲಿ. ಲೈಸೆನ್ಸು ಕೊಡುವ ಕಚೇರಿಯವರು ಕೊಡುವ ಮುಂಚೆ ಅಭ್ಯರ್ಥಿಯನ್ನು ಒಮ್ಮೆ ಕಾರಿನಲ್ಲಿ ಕೂರಿಸಿ, ರಿವರ್ಸ್ ಹೊಡೆಸಿ ನೋಡಲಿ. ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ತಂದೆತಾಯಿಗಳು ಬ್ರೋಕರಿನ ಮನೆಗೆ ಹೋಗುವ ಬದಲು ಡ್ರೈವಿಂಗ್ ಶಾಲೆಗೆ ಕಳಿಸಲಿ. ದುಡ್ಡು ಕೊಟ್ಟು ತಂದ ಲೈಸೆನ್ಸಿಗೆ ಸಮುದ್ರ ದಾಟಲು ಬರುತ್ತದೆ, ಅಲ್ಲಿನ ರಸ್ತೆ ದಾಟಲು ಬರುವುದಿಲ್ಲ.

ಸಂಜೆ ಹೊರಡುವಾಗ ಹುಡುಗ ಕಾರಿನ ಕೀಲಿಯನ್ನು ಅಪ್ಪನ ಕೈಗೆ ಕೊಟ್ಟ. "ಇಲ್ಲಿ ನನ್ನ ಕೈಲಿ ಓಡಿಸೋಕೆ ಆಗಲ್ಲ ಅಪ್ಪ, ನಾಳೆ ಆಟೋದಲ್ಲೇ ಹೋಗ್ತೀನಿ" ಅಂದ. ಮೇಷ್ಟ್ರು, "ಹುಟ್ಟಿದೂರಲ್ಲೇ ಪರದೇಶಿ ಆಗ್ಬಿಟ್ಟೆಯಲ್ಲೋ" ಎಂದು ನಕ್ಕರು. ನಮಗೆ ನಗು ಬರಲಿಲ್ಲ. ಆ ಹೆಣ್ಣುಮಗು ಇವತ್ತೂ ಅದೇ ರಸ್ತೆ ದಾಟಿ ಶಾಲೆಗೆ ಹೋಗಿದೆ.