ಬ್ಯಾಟ್ ಯಾರದ್ದು ಗುರು?

ನಮ್ಮೂರಲ್ಲಿ ಕ್ರಿಕೆಟ್ ಆಡುವಾಗ ಒಂದು ಅಲಿಖಿತ ಕಾನೂನಿತ್ತು. ಬ್ಯಾಟ್ ತಂದವನು ಮೊದಲ ಬಾಲಿಗೇ ಔಟಾದರೂ ಔಟಲ್ಲ. ಜಾಸ್ತಿ ವಾದ ಮಾಡಿದ್ರೆ ಬ್ಯಾಟ್ ಎತ್ಕೊಂಡು ಮನೆಗೆ ಹೋಗ್ತಿದ್ದ. ಆದರೂ ಆಟ ನಿಲ್ತಿರಲಿಲ್ಲ. ಯಾರೋ ಒಬ್ಬ ತೆಂಗಿನ ಮಟ್ಟೆ ಕೆತ್ತಿ ಇನ್ನೊಂದು ಬ್ಯಾಟ್ ಮಾಡ್ತಿದ್ದ.

ಇದು ನೆನಪಾಗಿದ್ದು ಅಕ್ಕನ ಮಗನಿಂದ. ಪಿಯುಸಿ ಮುಗಿಸಿದಾನೆ. "ಮಾಮ, ನಾನು ಬಿಇ ಸೇರಲ್ಲ, ಈಸ್ಪೋರ್ಟ್ಸ್ ಆಡ್ತೀನಿ. ಯಾವ ಟೀಮೂ ಬೇಡ, ಇಂಡಿಪೆಂಡೆಂಟ್. ನಿನ್ನ ಥರ ಮ್ಯಾನೇಜರ್ ಕಾಟ ಇರಲ್ಲ" ಅಂದ. ಆಟ ಕೆಲಸವಲ್ಲ ಅಂತ ನಾನು ಹೇಳಲಿಲ್ಲ. ದಿನವಿಡೀ ಸ್ಕ್ರೀನ್ ನೋಡಿ ಸಂಬಳ ತಗೊಳ್ಳೋ ನನಗೆ ಆ ಮಾತಾಡುವ ಯೋಗ್ಯತೆ ಇಲ್ಲ. ನನ್ನ ತಕರಾರು 'ಇಂಡಿಪೆಂಡೆಂಟ್' ಅನ್ನೋ ಪದದ ಮೇಲೆ.

ಹಾರ್ತ್‌ಸ್ಟೋನ್ ತಗೊಳ್ಳಿ. ಬ್ಲಿಝಾರ್ಡ್ ಕಂಪನಿಯ ಕಾರ್ಡ್ ಆಟ. ಒಬ್ಬನೆದುರು ಒಬ್ಬ, ಟೀಮಿನ ಹಂಗಿಲ್ಲ. ಒಂಟಿ ಆಟಗಾರನಿಗೆ ಹೇಳಿ ಮಾಡಿಸಿದ್ದು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಇದರಲ್ಲಿ ಕಂಚು ಗೆದ್ದರು. ಆಗ ಈಸ್ಪೋರ್ಟ್ಸ್ ಬರೀ ಪ್ರದರ್ಶನ ಸ್ಪರ್ಧೆ, ಪದಕ ಪಟ್ಟಿಗೆ ಸೇರಲಿಲ್ಲ. ಹಾಂಗ್‌ಝೌ ಕೂಟದಲ್ಲಿ ನಿಜವಾದ ಪದಕ ಸಿಗುತ್ತೆ ಅಂತ ಆಯ್ತು, ಹಾರ್ತ್‌ಸ್ಟೋನೂ ಪಟ್ಟಿಯಲ್ಲಿತ್ತು. ಅಷ್ಟರಲ್ಲಿ ಬ್ಲಿಝಾರ್ಡಿಗೂ ಚೀನಾದ ನೆಟ್‌ಈಸ್ ಕಂಪನಿಗೂ ಒಪ್ಪಂದ ಮುರಿಯಿತು. 2023ರ ಜನವರಿಯಲ್ಲಿ ಚೀನಾದ ಸರ್ವರ್‌ಗಳು ಬಂದ್. ಏಷ್ಯನ್ ಗೇಮ್ಸ್‌ನಿಂದ ಆಟವೇ ಔಟ್. ವರ್ಷಗಟ್ಟಲೆ ಅಭ್ಯಾಸ ಮಾಡಿದವರ ತಪ್ಪೇನು? ಯಾರೂ ಸೋಲಲಿಲ್ಲ, ಯಾರಿಗೂ ಗಾಯ ಆಗಲಿಲ್ಲ. ಇಬ್ಬರು ವ್ಯಾಪಾರಿಗಳಿಗೆ ಲೆಕ್ಕ ಕೂಡಿ ಬರಲಿಲ್ಲ, ಅಷ್ಟೇ.

ಇದೇ ಆಟದ ಇನ್ನೊಂದು ಕಥೆ. 2019ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನ ಆಟಗಾರ ಬ್ಲಿಟ್ಸ್‌ಚುಂಗ್ ಪಂದ್ಯದ ನಂತರದ ಸಂದರ್ಶನದಲ್ಲಿ ಮಾಸ್ಕ್ ಹಾಕ್ಕೊಂಡು ತನ್ನೂರಿನ ಪ್ರತಿಭಟನೆಗೆ ಬೆಂಬಲ ಹೇಳಿದರು. ಬ್ಲಿಝಾರ್ಡ್ ಒಂದು ವರ್ಷ ನಿಷೇಧ ಹಾಕಿ ಬಹುಮಾನದ ದುಡ್ಡನ್ನೂ ತಡೆಹಿಡಿಯಿತು. ಜಗತ್ತೆಲ್ಲ ಉಗಿದ ಮೇಲೆ ದುಡ್ಡು ವಾಪಸ್, ನಿಷೇಧ ಆರು ತಿಂಗಳಿಗೆ ಇಳಿಯಿತು. ದೂರು ಕೊಟ್ಟವರೂ ಅವರೇ, ತೀರ್ಪು ಕೊಟ್ಟವರೂ ಅವರೇ, ಕನಿಕರ ತೋರಿಸಿದವರೂ ಅವರೇ!

"ಕ್ರಿಕೆಟ್ಟಿಗೂ ಬಿಸಿಸಿಐ ಇಲ್ವಾ?" ಅಂತೀರಿ. ಇದೆ. ಅದು ನಿಮ್ಮನ್ನು ತಂಡದಿಂದ ಕಿತ್ತು ಹಾಕಬಹುದು, ಕ್ರಿಕೆಟ್ಟನ್ನೇ ಅನ್‌ಇನ್‌ಸ್ಟಾಲ್ ಮಾಡೋಕಾಗಲ್ಲ. "ನಿಮ್ಮ ಐಟಿಯಲ್ಲೂ ಲೇಆಫ್ ಇದೆಯಲ್ಲ?" ಅಂತೀರಿ. ಇದೆ, ಹೆದರಿಕೆಯೂ ಇದೆ. ಆದರೆ ನನ್ನನ್ನು ತೆಗೆದರೆ ನನಗೆ ಗೊತ್ತಿರೋ ಜಾವಾ ನನ್ನ ಜೊತೆ ಬರುತ್ತೆ, ಪಕ್ಕದ ಕಂಪನಿಯಲ್ಲಿ ಇಂಟರ್‌ವ್ಯೂ ಕೊಡ್ತೀನಿ. ಇವನಿಗೆ ಸರ್ವರ್ ಮುಚ್ಚಿದರೆ ತೆಂಗಿನ ಮಟ್ಟೆ ಕೆತ್ತೋಕೂ ದಾರಿಯಿಲ್ಲ. ಕೆತ್ತಿದರೆ ಕಾಪಿರೈಟ್ ಕೇಸು! ಟೀಮ್ ಇದ್ದವನಿಗೆ ಒಂದೆರಡು ತಿಂಗಳ ಸಂಬಳವಾದರೂ ಬರಬಹುದು. ಒಂಟಿಯವನಿಗೆ ಅದೂ ಇಲ್ಲ.

2022ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರ ಈಸ್ಪೋರ್ಟ್ಸ್ ಅನ್ನು ಬಹುಕ್ರೀಡಾ ಸ್ಪರ್ಧೆಗಳ ಭಾಗ ಅಂತ ಗುರುತಿಸಿ ಕ್ರೀಡಾ ಸಚಿವಾಲಯಕ್ಕೆ ಒಪ್ಪಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅದೇ ವರ್ಷ ಜುಲೈನಲ್ಲಿ ಆಪ್ ಸ್ಟೋರ್‌ಗಳಿಂದ ಮಾಯವಾದ ಬಿಜಿಎಂಐ ಆಗಿನ್ನೂ ವಾಪಸ್ ಬಂದಿರಲಿಲ್ಲ. ಬಂದಿದ್ದು 2023ರ ಮೇನಲ್ಲಿ. ಅಲ್ಲೀತನಕ ಅದನ್ನೇ ನಂಬಿದ ಹುಡುಗರು ಏನು ತಿನ್ನಬೇಕಿತ್ತು? ಚಪ್ಪಾಳೇನಾ?

ಕ್ರೀಡೆ ಅಂತ ಕರೆಯೋದಾದರೆ ಕ್ರೀಡಾಪಟುವಿಗೆ ಕೊಡೋದನ್ನು ಕೊಡಿ. ಟೂರ್ನಿ ನಿಲ್ಲಿಸುವ ಮುಂಚೆ ನೋಟಿಸ್ ಪೀರಿಯಡ್ ಇರಲಿ. ಬಹುಮಾನದ ಹಣ ಮೊದಲೇ ಮೂರನೆಯವರ ಬಳಿ ಠೇವಣಿ ಇರಲಿ. ಶಿಕ್ಷೆ ತೀರ್ಮಾನ ಮಾಡೋದು ಆಟದ ಮಾಲೀಕರಲ್ಲ, ಹೊರಗಿನವರು ಆಗಿರಲಿ. ಇದ್ಯಾವುದೂ ಆಗಲ್ಲ ಅಂದ್ರೆ ಕ್ರೀಡೆ ಅನ್ನಬೇಡಿ, ಜಾಹೀರಾತು ಅನ್ನಿ. ಆಡುವ ಹುಡುಗರು ಅದರ ಪುಕ್ಕಟೆ ಮಾಡೆಲ್‌ಗಳು.

ಅಳಿಯನಿಗೆ ಆಡಬೇಡ ಅನ್ನಲಿಲ್ಲ. ಆಟ ಶುರುವಾಗೋ ಮುಂಚೆ ಕಣ್ಣು ಮುಚ್ಚಿ 'ಐ ಅಗ್ರೀ' ಒತ್ತುತ್ತೀಯಲ್ಲ, ಅದನ್ನ ಒಂದ್ಸಲ ಪೂರ್ತಿ ಓದು ಅಂದೆ. ಎರಡು ದಿನ ಬಿಟ್ಟು ಫೋನ್ ಮಾಡಿದ.

"ಮಾಮ, ಇದರಲ್ಲಿ ನನ್ನ ಅಕೌಂಟೂ ನಂದಲ್ಲ ಅಂತ ಬರೆದಿದೆ."

"ಹೂಂ. ಈಗ ಹೇಳು, ಮ್ಯಾನೇಜರ್ ಯಾರು?"