ಶಾಫ್ಟ್ ಬಾಯಲ್ಲಿ ನಿಂತು ಸೆಕೆ ಅಳೆದ ಹಾಗೆ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಮುಂಜಾನೆಯ ರೈಲಿನಲ್ಲಿ ಎದುರು ಕೂತಿದ್ದ ಆಂಡರ್ಸನ್‌ಪೇಟೆಯ ಅಕ್ಕ ಬೆರಳು ಚುಚ್ಚಿಕೊಂಡು ಸ್ಟ್ರಿಪ್ಪಿಗೆ ರಕ್ತ ತಾಗಿಸಿದರು. ಐದು ಎಣಿಸುವಷ್ಟರಲ್ಲಿ ಯಂತ್ರ 212 ಅಂದಿತು. ‘ಇಷ್ಟೊಂದು ಶುಗರ್ ಇದ್ದೂ ಕೈಕಾಲಲ್ಲಿ ಶಕ್ತೀನೇ ಇಲ್ವಲ್ಲಪ್ಪ’ ಎಂದರು.

ವಿಜ್ಞಾನಿಗಳು ಕೇಳುವುದೂ ಇದನ್ನೇ. ಯಂತ್ರ ಹೇಳಿದ್ದು ರಕ್ತದ ಸಕ್ಕರೆ. ಸ್ನಾಯುವಿನ ಕೋಶದೊಳಕ್ಕೆ ಅದು ಹೋಗಲು ಇನ್ಸುಲಿನ್ ಬಾಗಿಲು ತೆಗೆಸಬೇಕು. ತೆಗೆಸದಿದ್ದರೆ, ಬೀದಿಯಲ್ಲಿ ಅಕ್ಕಿ ಲಾರಿ ನಿಂತಿದ್ದೂ ಮನೆಯಲ್ಲಿ ಒಲೆ ಹತ್ತದ ಕಥೆ.

ಒಳಗಿನದನ್ನು ಒಳಗೇ ಹೋಗಿ ನೋಡಬೇಕೆಂದು ಕೋಲಾರ ಚಿನ್ನದ ಗಣಿ ಪ್ರದೇಶದ ನಮ್ಮೂರವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಶಾಫ್ಟ್ ಬಾಯಲ್ಲಿ ನಿಂತವನಿಗೆ ತಳದ ಸೆಕೆ ಗೊತ್ತಾದೀತೇ? ಬಂಡೆ ಸಿಡಿಯುವುದನ್ನು ಆಲಿಸಲು ಗಣಿಯೊಳಗೆ ಜಿಯೋಫೋನ್ ಕೂರಿಸಿದ್ದರು. ಈಗ ಕೋಶಕ್ಕೂ ಅಂಥದ್ದೇ ಒಂದು ಕಿವಿ: ಕೋಶದೊಳಗೆ ಇಳಿಯುವಷ್ಟು ಸಣ್ಣ, ಹೊಳೆಯುವ ಶೋಧಕ, ಅಂದರೆ ನ್ಯಾನೋಪ್ರೋಬ್.

ವಿಜ್ಞಾನಿ ವುಲ್ಫ್ ಫ್ರೊಮ್ಮರ್ ತಂಡ 2003ರಲ್ಲೇ ಸಕ್ಕರೆ ಹಿಡಿಯುವ ಬ್ಯಾಕ್ಟೀರಿಯಾ ಪ್ರೋಟೀನಿಗೆ ಎರಡು ಬಣ್ಣದ ಹೊಳಪು ಅಂಟಿಸಿ ಜೀವಂತ ಕೋಶದಲ್ಲಿ ಗ್ಲೂಕೋಸ್ ನೋಡಿತು. ಸಕ್ಕರೆ ಕೂತರೆ ಪ್ರೋಟೀನ್ ಆಕಾರ ಬದಲಿಸುತ್ತದೆ, ಬಣ್ಣಗಳ ಪ್ರಮಾಣವೂ ಬದಲಾಗುತ್ತದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಯಮುನಾ ಕೃಷ್ಣನ್ ತಂಡ 2009ರಲ್ಲಿ ಡಿಎನ್ಎಯಿಂದಲೇ ಪುಟ್ಟ ಯಂತ್ರ ಕಟ್ಟಿ ಕೋಶದೊಳಗಿನ ಆಮ್ಲತೆ ಅಳೆಯಿತು. ಅದು ಸಕ್ಕರೆಯಲ್ಲ, ಆದರೆ ದಾರಿ ಇದೇ.

ಕೋಲಾರದವನಾದ ನನಗೆ ಹೆಚ್ಚು ಹಿಡಿಸಿದ್ದು ಚಿನ್ನದ ಬಗೆ. ಇಪ್ಪತ್ತೈದು ಚಿನ್ನದ ಪರಮಾಣುಗಳ ಗೊಂಚಲನ್ನು ಪ್ರೋಟೀನಿನಲ್ಲಿ ಸುತ್ತಿ ನೇರಳಾತೀತ ಬೆಳಕಿಗೆ ಹಿಡಿದರೆ ಅದು ಕೆಂಪಗೆ ಹೊಳೆಯುತ್ತದೆ. ಜೊತೆಗಿಟ್ಟ ಒಂದು ಕಿಣ್ವ ಸಕ್ಕರೆಯನ್ನು ಉತ್ಕರ್ಷಿಸಿದಾಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಆ ಹೊಳಪನ್ನು ಮಂಕು ಮಾಡುತ್ತದೆ. ಎಷ್ಟು ಮಂಕೋ ಅಷ್ಟು ಸಕ್ಕರೆ. ನಮ್ಮ ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನದ ಚೂರುಪಾರಿಗೂ ಇಂಥ ಕೆಲಸ ಸಿಕ್ಕೀತು ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ!

ತಕರಾರು ಇರುವುದೂ ಇಲ್ಲಿಯೇ. ಕೋಶ ತಾನೇ ಪೆರಾಕ್ಸೈಡ್ ಹುಟ್ಟಿಸುತ್ತದೆ, ತಾನೇ ಒಂದಿಷ್ಟು ಹೊಳೆಯುತ್ತದೆ. ಒಳಹೋದ ಪ್ರೋಬ್ ಎಷ್ಟೋ ಸಲ ಪೊರೆಯ ಚೀಲದಲ್ಲೇ ಸಿಕ್ಕಿಬೀಳುತ್ತದೆ. ಒಳಬಂದ ಗ್ಲೂಕೋಸ್ ಬಹಳ ಬೇಗ ಬೇರೆ ರೂಪಕ್ಕೆ ತಿರುಗುತ್ತದೆ. ಹಾಗಾಗಿ ‘ಇನ್ನು ಸೂಜಿ ಬೇಡ’ ಎಂಬ ತಲೆಬರಹ ಕಂಡರೆ ಪುಟ ತಿರುಗಿಸಿ. ಇದು ರೋಗಿಯ ಕೈಗೆ ಬರುವ ಸಾಧನವಲ್ಲ. ಹೊಸ ಮಾತ್ರೆ ನಿಜಕ್ಕೂ ಸಕ್ಕರೆಯನ್ನು ಒಳಗೆ ಕಳಿಸಿತೇ ಎಂದು ಪ್ರಯೋಗಾಲಯದಲ್ಲಿ ನೋಡುವವರ ಸಾಧನ. ಅಷ್ಟಕ್ಕಾದರೂ ಸರ್ಕಾರ ದುಡ್ಡು ಕೊಡಬೇಕು ಅನ್ನುವವನು ನಾನು.

ಇಷ್ಟೆಲ್ಲ ಕೇಳಿದ ಅಕ್ಕ, ‘ಹಂಗಾರೆ ನಾಳೇನೂ ಚುಚ್ಕೋಬೇಕಾ?’ ಎಂದರು. ಹೌದೆಂದೆ. ಬೆರಳನ್ನು ಸೆರಗಿಗೆ ಒರೆಸಿ, ಮಾತ್ರೆ ನುಂಗಿ, ಟಿಫಿನ್ ಡಬ್ಬಿ ತೆಗೆದರು.